ಕುಟ್ಟನ್‌ನ ಎಡಗಾಲು

ನಾನು ಯಾರ ತಂಟೆಗೂ ಹೋಗೋನಲ್ಲ. ಬೆಳಿಗ್ಗೆ ಕಾಫಿ ಕುಡಿದು ತ್ರಿಪ್ಪುಣಿತ್ತುರದ ನಮ್ಮ ಬಾಡಿಗೆ ಮನೆ ಜಗಲೀಲಿ ಕೂತ್ಕೊಂಡ್ರೆ ಸಾಕು, ವಿಚಿತ್ರಗಳೇ ವಿಳಾಸ ವಿಚಾರಿಸ್ಕೊಂಡು ಬಂದುಬಿಡ್ತವೆ. ಬ್ಯಾಂಕಿನಲ್ಲಿದ್ದಾಗಲೂ ಹೀಗೇ. ಬೇರೆಯವರ ಕೌಂಟರಿಗೆ ಗಿರಾಕಿ ಬರ್ತಿದ್ರು, ನನ್ನ ಕೌಂಟರಿಗೆ ಪ್ರಸಂಗ ಬರ್ತಿತ್ತು. ಮೈಸೂರಿನೋನು ನಾನು. ಬ್ಯಾಂಕಿನವರು ಎಲ್ಲೆಲ್ಲೋ ಎತ್ತಿಹಾಕಿ ಕೊನೆಗೆ ಕೊಚ್ಚಿಗೆ ತಂದು ಬಿಟ್ರು, ಇಲ್ಲೇ ರಿಟೈರಾದೆ. ಮಗಳು, ಅಳಿಯ, ಮೊಮ್ಮಗಳು ತಿರುವನಂತಪುರದಲ್ಲಿ ಇರೋದ್ರಿಂದ ವಾಪಸ್ ಹೋಗೋ ಯೋಚನೆ ಮಾಡ್ಲಿಲ್ಲ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ನಾನು ಕಥೆ ಹೇಳೋವಾಗ ನನ್ನ ಹೆಂಡತಿ ಪಕ್ಕದಲ್ಲಿದ್ರೆ ಅದು ಒಂದು ಅಳತೆ, ಅವಳು ಎದ್ದು ಒಳಗೆ ಹೋದ್ರೆ ಇನ್ನೊಂದು ಅಳತೆ. ಈಗ ಅವಳು ದೇವಸ್ಥಾನಕ್ಕೆ ಹೋಗಿದಾಳೆ. ಆರಾಮಾಗಿ ಕೂತ್ಕೊಂಡು ಕೇಳಿ.

ರಿವರ್ಸ್ ಗೇರು

ನಮ್ಮ ಅಳಿಯ ಬಾಹ್ಯಾಕಾಶದ ವಿಜ್ಞಾನಿ. ಅವನು ಲೆಕ್ಕ ಹಾಕಿ ಮೇಲಕ್ಕೆ ಬಿಟ್ಟಿದ್ದು ಸೂರ್ಯಚಂದ್ರರ ಸಂದೀಲಿ ತೂರ್ಕೊಂಡು ಹೋಗಿ ಅವನು ಹೇಳಿದ ಜಾಗದಲ್ಲೇ ನಿಲ್ಲುತ್ತಂತೆ. ಕಾರನ್ನ ಮನೆ ಗೇಟಿನಿಂದ ಹಿಂದಕ್ಕೆ ತೆಗೆಯೋದು ಮಾತ್ರ ಬರಲ್ಲ. ಗೇಟಿನ ಎರಡೂ ಕಂಬದ ಮೇಲೆ ಅವನ ಕಾರಿನ ಬಣ್ಣ ಇದೆ. ಎದುರು ಮನೆ ಕಂಬದ ಮೇಲೂ ಇದೆ.

ಮೊಮ್ಮಗಳ ಹತ್ರ ಒಂದು ಬಾತುಕೋಳಿ ಇತ್ತು. ಶಾಲೆ ಹತ್ರ ಯಾರೋ ಮರಿ ಮಾರ್ತಿದ್ರಂತೆ, ಹಟ ಮಾಡಿ ತಗೊಂಡು ಬಂದಿದ್ಲು. ಹೆಸರು ಕುಟ್ಟನ್. ಇಲ್ಲಿನವರು ಗಂಡು ಮಕ್ಕಳನ್ನ ಮುದ್ದಿಗೆ ಹಾಗೆ ಕರೀತಾರೆ. ಸ್ವಲ್ಪ ದಿನಕ್ಕೆ ಕುಟ್ಟನ್ ಮೊಟ್ಟೆ ಇಟ್ಟ. ಹೆಸರು ಬದಲಾಗ್ಲಿಲ್ಲ, "ಅವನು" ಅನ್ನೋದೂ ಬದಲಾಗ್ಲಿಲ್ಲ. ಯಾರಾದ್ರೂ ಕೇಳಿದ್ರೆ ಮೊಮ್ಮಗಳು, "ಅವನಿಗೇ ಬೇಜಾರಿಲ್ಲ, ನಿಮಗೇನು?" ಅಂತ ಮಲಯಾಳದಲ್ಲಿ ಕೇಳ್ತಾಳೆ. ಅವಳಿಗೆ ಕನ್ನಡ ಪೂರ್ತಿ ಅರ್ಥ ಆಗುತ್ತೆ. ಮಾತು ಮಾತ್ರ ಮಲಯಾಳದಲ್ಲೇ. "ತಾತ" ಅನ್ನೋದೊಂದು ಕನ್ನಡ, ಅದಾದಮೇಲೆ ಪೂರ್ತಿ ಕೇರಳ, ಪರಶುರಾಮ ಕ್ಷೇತ್ರ.

ನಾವು ಅಲ್ಲಿಗೆ ಹೋಗಿದ್ದಾಗಲೇ ಆಯ್ತು. ಭಾನುವಾರ ಬೆಳಿಗ್ಗೆ ಅಳಿಯ ಕಾರು ಹಿಂದಕ್ಕೆ ತೆಗೆದ. ಕಾರಿನೊಳಗಿನ ಯಂತ್ರ ಬೀಪ್ ಬೀಪ್ ಅಂತ ಕೂಗ್ತಾನೇ ಇತ್ತು. "ಅದು ಯಾವಾಗ್ಲೂ ಕೂಗುತ್ತೆ" ಅಂತ ಇವನು ಇನ್ನಷ್ಟು ಹಿಂದಕ್ಕೆ ಬಂದ. ಆಮೇಲೆ ಕುಟ್ಟನ್ ಕೂಗಿದ. ಆಮೇಲೆ ಮೊಮ್ಮಗಳು ಕೂಗಿದ್ಲು.

ಎಡಗಾಲಿನ ಮೂಳೆ ಸೀಳಿತ್ತು. ಅಲ್ಲಿನ ದನದ ಡಾಕ್ಟ್ರು ಪುಟ್ಟ ಕಡ್ಡಿ ಇಟ್ಟು ಪಟ್ಟಿ ಕಟ್ಟಿದ್ರು. ಮೆತ್ತನೆ ಬಟ್ಟೆ ಮೇಲೆ ಮಲಗಿಸಿ, ಪಟ್ಟಿಗೆ ಪ್ಲಾಸ್ಟಿಕ್ ಸುತ್ತಿ ದಿನಾ ನೀರಲ್ಲಿ ತೇಲಿಸಿ, ಕಾಲಿನ ಮೇಲೆ ಭಾರ ಬೀಳಬಾರದು ಅಂದ್ರು. ಇಷ್ಟೆಲ್ಲ ಮಾಡೋಕೆ ಮನೇಲಿ ಯಾರಿದಾರೆ? ಮಗಳಿಗೂ ಆಫೀಸು, ಅಳಿಯನಿಗೂ ಆಫೀಸು.

ಅಷ್ಟರಲ್ಲಿ ತನಿಖೆ ಶುರುವಾಗಿತ್ತು. ಅಳಿಯನ ಸಹೋದ್ಯೋಗಿಗಳು ಇಬ್ರು ಬಂದ್ರು. ಒಬ್ರು ದಪ್ಪ ಕನ್ನಡಕದವರು, ಒಬ್ರು ಮೀಸೆಯವರು. ಅವರಲ್ಲಿ ಏನೇ ಕೆಟ್ಟುಹೋದ್ರೂ ಸಮಿತಿ ಕೂತ್ಕೊಳ್ಳೋದು ರೂಢಿಯಂತೆ. ಮೊಮ್ಮಗಳ ಆಟದ ಬೋರ್ಡಿನ ಮೇಲೆ ಕಾರು ಬರೆದ್ರು, ಬಾತುಕೋಳಿ ಬರೆದ್ರು, ಬಾಣದ ಗುರುತು ಹಾಕಿದ್ರು. ಎರಡು ಸಲ ಟೀ ಕುಡಿದ್ರು. ಕೊನೆಗೆ ಕನ್ನಡಕದವರು ತೀರ್ಪು ಕೊಟ್ರು. "ಕಾರಿನ ಪಥ ಸರಿಯಾಗಿತ್ತು. ಬಾತುಕೋಳಿ ನಿರೀಕ್ಷಿತ ಪಥ ಬಿಟ್ಟು ಎಡಕ್ಕೆ ಸರಿದಿದೆ."

ಅಳಿಯನ ಮುಖ ಸ್ವಲ್ಪ ಅರಳಿತು. ಆಮೇಲೆ ನನ್ನನ್ನ ಪಕ್ಕಕ್ಕೆ ಕರೆದ. "ಮಾವ, ಇಲ್ಲಿ ಬೀದಿ ನಾಯಿ ಜಾಸ್ತಿ. ಕುಂಟೋ ಬಾತುಕೋಳಿ ಉಳಿಯಲ್ಲ. ವಿಳಿಂಜಂ ಹತ್ರ ನನ್ನ ಫ್ರೆಂಡ್ ಒಬ್ಬನ ಜಾಗ ಇದೆ, ಹಿಂದುಗಡೆ ದೊಡ್ಡ ಕೊಳ. ಅಲ್ಲಿ ಬಿಟ್ರೆ ಆರಾಮಾಗಿರ್ತಾನೆ."

ಮೊಮ್ಮಗಳು ಬಾಗಿಲ ಹಿಂದೆ ನಿಂತು ಕೇಳಿಸ್ಕೊಳ್ತಿದ್ಲು. "ಮುಂದುಗಡೆ ಏನಿದೆ ಅಂತಾನೂ ಅಪ್ಪ ಹೇಳ್ಲಿ" ಅಂತ ಮಲಯಾಳದಲ್ಲೇ ಅಂದ್ಲು.

ಮುಂದುಗಡೆ ಆ ಫ್ರೆಂಡಿನ ಹೋಟೆಲ್. ಬಾತುಕೋಳಿ ರೋಸ್ಟಿಗೆ ಹೆಸರುವಾಸಿಯಂತೆ.

ನನಗೆ ಎದೆ ಉಬ್ಬಿ ಬಂತು. "ಇವನನ್ನ ಕೊಚ್ಚಿಗೆ ಕರ್ಕೊಂಡು ಹೋಗ್ತೀನಿ. ಮುಳುಗ್ತಿದ್ದ ಬ್ರ್ಯಾಂಚುಗಳನ್ನೇ ಎತ್ತಿ ನಿಲ್ಲಿಸಿದೋನು ನಾನು, ಒಂದು ಬಾತುಕೋಳಿನ ನಿಲ್ಲಿಸೋಕಾಗಲ್ವಾ?"

"ಮುಳುಗಿಸಿದ್ದನ್ನೂ ಹೇಳಿ," ಅಂದ್ಲು ಹೆಂಡತಿ.

ಮಾತಾಯ್ತು. ಓಣಂ ರಜಕ್ಕೆ ನಾವು ಬರೋವಾಗ ಕುಟ್ಟನ್ ಕುಂಟದೆ ನೆಟ್ಟಗೆ ನಡೆದ್ರೆ ಮೊಮ್ಮಗಳ ಹತ್ರಾನೇ ಇರ್ತಾನೆ. ಕುಂಟಿದ್ರೆ ವಿಳಿಂಜಂ. ಮೊಮ್ಮಗಳು ನನ್ನ ಕೈ ಹಿಡ್ಕೊಂಡು, "ತಾತಾ, ಅವನ್ ನಡಕ್ಕುಂ ಅಲ್ಲೇ?" ಅಂದ್ಲು. ನಡೀತಾನೆ ಅಲ್ವಾ ಅಂತ. ನಾನು ಓಡ್ತಾನೆ ಅಂತ ಮಾತು ಕೊಟ್ಟೆ.

ಬಸ್ ಸ್ಟ್ಯಾಂಡಿಗೆ ಬಿಡ್ತೀನಿ ಅಂತ ಅಳಿಯ ಕಾರು ಹಿಂದಕ್ಕೆ ತೆಗೆಯೋಕೆ ಕೂತ. ಹೆಂಡತಿ ಬುಟ್ಟಿ ಎತ್ಕೊಂಡು ಗೇಟಿನಿಂದ ದೂರ, ಬೀದಿಯ ಆ ಕೊನೇಗೆ ಹೋಗಿ ನಿಂತ್ಲು. ಅಲ್ಲಿಂದಲೇ ಕೇಳಿದ್ಲು. "ಅಳಿಯಂದ್ರೇ, ರಾಕೆಟ್ಟಿಗೆ ರಿವರ್ಸ್ ಗೇರ್ ಇರಲ್ಲ ಅಲ್ವಾ? ದೇಶದ ಪುಣ್ಯ."

ಕಾಯ್ದಿರಿಸಿದ ಸೀಟು

ತಂಬಾನೂರು ಬಸ್ ಸ್ಟ್ಯಾಂಡಿನಲ್ಲಿ ಕೊಚ್ಚಿ ಬಸ್ ಹತ್ತಿದ್ವಿ. ಹೆಂಡತಿಗೆ ಮುಂದೆ ಹೆಂಗಸರ ಸೀಟು ಸಿಕ್ತು. ನಾನು ಬುಟ್ಟಿ ಹಿಡ್ಕೊಂಡು ಖಾಲಿ ಇದ್ದ ಒಂದು ಸೀಟಲ್ಲಿ ಕೂತೆ. ಬುಟ್ಟಿ ಮೇಲೆ ನನ್ನ ಹಳೇ ಪಂಚೆ ಮುಚ್ಚಿತ್ತು.

ಕಂಡಕ್ಟರ್ ಬಂದ. "ಸಾರೇ, ಇದು ಅಂಗವಿಕಲರ ಸೀಟು. ಕಾಲಿಗೆ ತೊಂದರೆ ಇರೋರಿಗೆ."

ಇಲ್ಲೊಂದು ವಿಷಯ. ನನ್ನ ಎಡ ಮಂಡಿ ಸ್ವಲ್ಪ ಹಳೇದು. ನಡೆಯೋವಾಗ ಒಂದು ಕಡೆ ಹೀಗೆ ತೂಗುತ್ತೆ. ಹೆಂಡತಿ ಅದನ್ನ ಕುಂಟು ಅಂತಾಳೆ, ಆಪರೇಷನ್ ಮಾಡಿಸಿ ಅಂತ ಪ್ರಾಣ ತಿಂತಾಳೆ. ನಾನು ಅದನ್ನ ನಡಿಗೆ ಅಂತೀನಿ. ಹಿಂದಿನ ಕಾಲದ ಅರಸರೆಲ್ಲ ಹೀಗೇ ನಡೀತಿದ್ರು, ಬೇಕಾದ್ರೆ ಯಾರನ್ನಾದ್ರೂ ಕೇಳಿ. ಅಂಥದ್ರಲ್ಲಿ ಇಡೀ ಬಸ್ಸಿನ ಮುಂದೆ ನನಗೆ ಕಾಲು ಸರಿ ಇಲ್ಲ ಅಂತ ಒಪ್ಕೊಳ್ಳೋಕಾಗುತ್ತಾ?

ಪಂಚೆ ಸರಿಸಿ ಬುಟ್ಟಿ ತೋರಿಸಿದೆ. ಕುಟ್ಟನ್ ಪಟ್ಟಿ ಕಟ್ಟಿದ ಕಾಲು ಚಾಚ್ಕೊಂಡು ಕಂಡಕ್ಟರನ್ನೇ ನೋಡಿದ.

"ತೊಂದರೆ ಇರೋದು ಇವನಿಗೆ," ಅಂದೆ.

ಕಂಡಕ್ಟರ್ ಬಗ್ಗಿ ಪಟ್ಟಿ ನೋಡಿದ. ಇಲ್ಲಿಯೋರು ನ್ಯಾಯದ ವಿಷಯದಲ್ಲಿ ಬಹಳ ಗಟ್ಟಿ. "ಸರಿ. ಹಾಗಾದ್ರೆ ಅವನು ಕೂತ್ಕೊಳ್ಳಲಿ. ನೀವು ಎದ್ದೇಳಿ."

ಬುಟ್ಟಿ ಸೀಟಿನ ಮೇಲೆ, ನಾನು ಕಂಬಿ ಹಿಡ್ಕೊಂಡು. ಕೊಲ್ಲಂ ತನಕ ಕುಟ್ಟನ್ ಕಿಟಕಿ ಗಾಳಿ ಕುಡೀತಾ ಬಂದ. ಪಕ್ಕದ ಸೀಟಿನ ಅಮ್ಮ ಒಬ್ರು ಅವನ ಕಥೆಯೆಲ್ಲ ಕೇಳಿ ಕಣ್ಣೀರು ಒರೆಸ್ಕೊಂಡು, ಆಮೇಲೆ ತೆಂಗಿನಹಾಲು ಯಾವಾಗ ಹಾಕ್ಬೇಕು ಅಂತ ಹೇಳಿಕೊಟ್ರು.

ಕೊಲ್ಲಂನಲ್ಲಿ ಇಳಿದು ನೀರಿನ ಬಾಟಲಿ ತಂದೆ. ವಾಪಸ್ ಹತ್ತೋವಾಗ ಕಂಡಕ್ಟರ್ ನನ್ನ ನಡಿಗೆ ನೋಡ್ದ. ಓಡಿ ಬಂದ. "ಅಯ್ಯೋ ಸಾರೇ, ನಿಮಗೂ ಕಾಲು ಹೀಗಾ? ಮೊದ್ಲೇ ಹೇಳ್ಬಾರ್ದಾ? ಬನ್ನಿ, ಇನ್ನೊಂದು ಸೀಟು ಬಿಡಿಸಿಕೊಡ್ತೀನಿ."

"ನನಗೇನಾಗಿದೆ?" ಅಂದೆ ನಾನು.

ಆಲಪ್ಪುಳದವರೆಗೂ ನಿಂತೇ ಬಂದೆ. ಹೆಂಡತಿ ಮುಂದಿನ ಸೀಟಿನಿಂದ ತಿರುಗಿ ನೋಡಿ, ಬುಟ್ಟಿ ಕಡೆ ಕೈ ತೋರಿಸಿ, "ಅವನಿಗೆ ಕಾಲೊಂದೇ ಹೋಗಿರೋದು," ಅಂದ್ಲು.

ಬೆಕ್ಕು ಸಾಕಿದೋರು

ಕಲೂರಿನಲ್ಲಿ ಪ್ರಾಣಿಗಳ ಡಾಕ್ಟರಮ್ಮ ಒಬ್ರಿದಾರೆ ಅಂದ್ರು. ಬುಟ್ಟಿ ಆಟೋದಲ್ಲಿಟ್ಕೊಂಡು ಹೋದ್ವಿ. ಆಕೆ ಕುಟ್ಟನ್‌ನ ಕಾಲು ನೋಡಿ, ರೆಕ್ಕೆ ನೋಡಿ, "ಬಹಳ ಸೊರಗಿದಾನೆ. ಏನು ತಿನ್ನಿಸ್ತಿದೀರ?" ಅಂದ್ರು.

"ಮೊಸರನ್ನ," ಅಂದ್ಲು ಹೆಂಡತಿ, ಹೆಮ್ಮೆಯಿಂದ. "ಮೆತ್ತಗೆ ಕಿವುಚಿ."

"ಬರೀ ಮೊಸರನ್ನಾನಾ?"

"ಬರೀದು ಹೇಗೆ ಕೊಡೋದು ಡಾಕ್ಟ್ರೇ. ಒಗ್ಗರಣೆ ಹಾಕಿರ್ತೀನಿ. ಕರಿಬೇವು ಮಾತ್ರ ತೆಗ್ದುಬಿಡ್ತಾನೆ."

ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ನು ಕೆಳಗಿಟ್ರು. ಆಮೇಲೆ ನಿಧಾನವಾಗಿ ಹೇಳಿದ್ರು. ಮೊಸರು, ಒಗ್ಗರಣೆ ಎಲ್ಲ ನಿಲ್ಲಿಸಿ. ಮೂಳೆ ಕೂಡ್ಬೇಕಾದ್ರೆ ಅವನು ಪುಟ್ಟ ಮೀನು ತಿನ್ಬೇಕು. ಇಲ್ಲದಿದ್ರೆ ಓಣಂ ಹೊತ್ತಿಗೆ ನಡೆಯೋದು ಸುಳ್ಳು.

ನಾವು ಈರುಳ್ಳಿ ಹಾಕೋಕೂ ಏಕಾದಶಿ ನೋಡೋ ಜನ. ಮನೆಗೆ ಬಂದ್ಮೇಲೆ ಹೆಂಡತಿ ತೀರ್ಮಾನ ಹೇಳಿದ್ಲು. ಮೀನು ಬರಬಹುದು, ಅಡುಗೆಮನೆಗಲ್ಲ. ಹಿತ್ತಲ ಬಾಗಿಲಿಂದ ಬಂದು ಹಿತ್ತಲಲ್ಲೇ ಮುಗೀಬೇಕು. ತಟ್ಟೆ ಬೇರೆ, ಚಾಕು ಬೇರೆ, ತರೋ ಮನುಷ್ಯ ಸ್ನಾನ ಮಾಡಿ ಒಳಗೆ ಬರ್ಬೇಕು.

ತರೋ ಮನುಷ್ಯ ಅಂದ್ರೆ ನಾನು. ಯಾರಾದ್ರೂ ನೋಡಿದ್ರೆ? ಹೆಲ್ಮೆಟ್ ಹಾಕ್ಕೊಂಡು ಹೊರಟೆ. ನನ್ನ ಹತ್ರ ಸ್ಕೂಟರ್ ಇಲ್ಲ. ಹೆಲ್ಮೆಟ್ ಹಾಕ್ಕೊಂಡು ನಡ್ಕೊಂಡು ಹೋಗೋ ಮುದುಕನ್ನ ಇಡೀ ಮಾರ್ಕೆಟ್ಟು ನೋಡಿತು.

ಮೀನಿನ ಅಂಗಡಿ ಮುಂದೆ ಇನ್ನೊಬ್ಬ ವಿಚಿತ್ರ ನಿಂತಿದ್ದ. ಕೊಚ್ಚಿಯ ಆ ಸೆಕೆಯಲ್ಲಿ ಮಂಕಿ ಕ್ಯಾಪು, ಕಪ್ಪು ಕನ್ನಡಕ. ನನಗೆ ಆ ಹೊಟ್ಟೆ ಗುರುತು ಸಿಕ್ತು. ನಮ್ಮ ಕನ್ನಡ ಕೂಟದ ಕಾರ್ಯದರ್ಶಿ. ಪ್ರತಿ ವರ್ಷ ವೇದಿಕೆ ಮೇಲೆ ನಿಂತು, ಪರಊರಿಗೆ ಬಂದ್ಮೇಲೂ ನಮ್ಮ ಆಹಾರ ನಮ್ಮ ಆಚಾರ ಬಿಡಬಾರದು ಅಂತ ಒಂದು ಗಂಟೆ ಭಾಷಣ ಮಾಡೋ ಮನುಷ್ಯ. ಅವರಿಗೂ ನನ್ನ ನಡಿಗೆ ಗುರುತು ಸಿಕ್ತು ಅಂತ ಕಾಣುತ್ತೆ.

ಹೆಲ್ಮೆಟ್ಟಿನ ಗಾಜು ಎತ್ತಿದೆ. "ನಮ್ಮನೆ ಬಾತುಕೋಳಿಗೆ," ಅಂದೆ.

ಅವರು ಕನ್ನಡಕ ತೆಗೆದ್ರು. "ನಮ್ಮನೆ ಬೆಕ್ಕಿಗೆ," ಅಂದ್ರು.

ಅಂಗಡಿಯ ಚೇಚಿ, ಅಂದ್ರೆ ಇಲ್ಲಿಯವರ ಅಕ್ಕ, ಅವರ ಪೊಟ್ಟಣ ಮುಂದಕ್ಕೆ ತಳ್ಳಿದ್ಲು. "ಸಾರಿನ ಬೆಕ್ಕಿಗೆ ಯಾವಾಗ್ಲೂ ದುಬಾರಿ ನೆಯ್‌ಮೀನೇ ಆಗ್ಬೇಕು. ಮುಳ್ಳು ತೆಗೆದು, ಹುರಿಯೋಕೆ ಸರಿಯಾಗಿ ತೆಳ್ಳಗೆ."

ಮುಂದಿನ ವಾರ ಕೂಟದ ಸಭೆಗೆ ಹೋದ್ರೆ ಎಲ್ಲರೂ ನನ್ನನ್ನ ಒಂಥರಾ ನೋಡ್ತಿದಾರೆ. ಮುದುಕ ಮೀನಿಗೆ ಬಿದ್ದ ಅಂತ ಕಾರ್ಯದರ್ಶಿಗಳು ಆಗ್ಲೇ ಸುದ್ದಿ ಹಬ್ಬಿಸಿದ್ರು. ನಾನು ಎದ್ದು ನಿಂತು ಒಂದೇ ಸೂಚನೆ ಮಂಡಿಸಿದೆ. "ನಮ್ಮ ಸದಸ್ಯರ ಮನೇಲಿ ಸಾಕುಪ್ರಾಣಿ ಇರೋರು ಯಾರ್‍ಯಾರು ಅಂತ ಒಂದು ಸಲ ಮನೆಮನೆಗೆ ಹೋಗಿ ನೋಡಿ ಬರೋಣ." ಕಾರ್ಯದರ್ಶಿಗಳು ತಕ್ಷಣ ವಂದನಾರ್ಪಣೆ ಮಾಡಿಬಿಟ್ರು.

ಅದಾದ್ಮೇಲೆ ನಾನು ಹೆಲ್ಮೆಟ್ ಇಲ್ಲದೇ ಹೋಗ್ತಿದ್ದೆ. ಅಂಗಡಿ ಮುಂದೆ ಒಂದು ದಿನ ಖಜಾಂಚಿ ಸಿಕ್ರು, ಒಂದು ದಿನ ದೇವರನಾಮ ಹಾಡೋ ಅಮ್ಮನ ಯಜಮಾನರು, ಒಂದು ದಿನ ನಮ್ಮ ಪುರೋಹಿತರ ತಮ್ಮ. ತ್ರಿಪ್ಪುಣಿತ್ತುರದ ಕನ್ನಡಿಗರ ಮನೆಗಳಲ್ಲಿ ಇಷ್ಟೊಂದು ಬೆಕ್ಕುಗಳಿವೆ ಅಂತ ನನಗೆ ಗೊತ್ತೇ ಇರ್ಲಿಲ್ಲ.

ರೋಗಿ ನೋಡೋಕೆ ಬಂದ ಸಾಹೇಬ್ರು

ಮೀನು ತಿಂದು ಕುಟ್ಟನ್ ಮೈ ತುಂಬ್ಕೊಂಡ. ಆದ್ರೆ ಮೂಲೇಲಿ ಮುಖ ತಿರುಗಿಸ್ಕೊಂಡು ಕೂತಿರ್ತಿದ್ದ. ಡಾಕ್ಟರಮ್ಮನಿಗೆ ಫೋನ್ ಮಾಡಿದ್ರೆ, ಬಾತುಕೋಳಿಗೆ ಒಂಟಿಯಾಗಿರೋಕೆ ಆಗಲ್ಲ, ಎದುರಿಗೆ ಒಂದು ಕನ್ನಡಿ ಇಡಿ, ಜೊತೆ ಇದೆ ಅಂದ್ಕೊಳ್ತಾನೆ ಅಂದ್ರು. ಹೆಂಡತಿ ತನ್ನ ನಿಲುವುಗನ್ನಡಿಯನ್ನೇ ತಂದು ಹಾಲಿನಲ್ಲಿ ಗೋಡೆಗೆ ಒರಗಿಸಿಟ್ಲು. ಅವತ್ತಿನಿಂದ ಕುಟ್ಟನ್ ಕನ್ನಡಿ ಮುಂದಿಂದ ಅಲ್ಲಾಡ್ಲಿಲ್ಲ. ಕತ್ತು ಹೀಗೆ ತಿರುಗಿಸ್ತಾನೆ, ಹಾಗೆ ತಿರುಗಿಸ್ತಾನೆ, ಮೆಚ್ಕೊಳ್ತಾನೆ.

ಅದೇ ಸಮಯಕ್ಕೆ ನಮ್ಮ ಬ್ಯಾಂಕಿನ ಹಳೇ ಸಾಹೇಬ್ರ ಹೆಂಡತಿ ಯಾವುದೋ ಪೂಜೆಗೆ ಕರೆದ್ರು. "ಬರೋಕಾಗಲ್ಲ, ಮನೇಲಿ ಎಡಗಾಲು ಮುರಿದಿದೆ, ಬಿಟ್ಟು ಬರೋ ಹಾಗಿಲ್ಲ," ಅಂದ್ಲು ನನ್ನ ಹೆಂಡತಿ. ಯಾರ ಎಡಗಾಲು ಅಂತ ಅವರೂ ಕೇಳ್ಲಿಲ್ಲ, ಇವಳೂ ಹೇಳ್ಲಿಲ್ಲ.

ಸಾಯಂಕಾಲ ಸಾಹೇಬ್ರೇ ಬಂದ್ರು. ಸರ್ವಿಸಿನಲ್ಲಿದ್ದಾಗ ನನಗೆ ಜ್ವರ ಬಂದು ರಜಾ ಕೇಳಿದ್ರೆ, "ಕೂತ್ಕೊಂಡು ಮಾಡೋ ಕೆಲಸ ತಾನೇ, ಇಲ್ಲೇ ಕೂತು ಜ್ವರ ಬರಿಸ್ಕೊಳ್ಳಿ," ಅಂದಿದ್ದ ಮಹಾನುಭಾವರು. ಈಗ ಕೈಯಲ್ಲಿ ಹಾರ್ಲಿಕ್ಸ್, ಸೇಬು, ಬ್ರೆಡ್ಡು. ಮುಖದಲ್ಲಿ ಸಂತಾಪ. ರೋಗಿ ಹತ್ರ ಏನು ಮಾತಾಡ್ಬೇಕು ಅಂತ ದಾರೀಲೇ ತಯಾರಿ ಮಾಡ್ಕೊಂಡು ಬಂದಿದ್ರು.

ಬಾಗಿಲು ತೆಗೆದಿದ್ದು ನಾನು. ಅವರಿಗೆ ನನ್ನನ್ನ ಎರಡು ಕಾಲ ಮೇಲೆ ನೋಡಿ ನಿರಾಸೆ ಆಯ್ತು.

"ಮುರಿದಿದೆ ಅಂದ್ರು?"

"ಒಳಗೆ ಬನ್ನಿ ಸಾರ್, ಪೇಷೆಂಟು ಅಲ್ಲಿದಾರೆ."

ಸಾಹೇಬ್ರು ಹಾಲಿಗೆ ಬಂದ್ರು. ಕುಟ್ಟನ್ ಕನ್ನಡಿಯಿಂದ ಕಣ್ಣು ತೆಗೀಲಿಲ್ಲ. ಸಾಹೇಬ್ರು ಹಾರ್ಲಿಕ್ಸನ್ನ ಎದೆಗೆ ಒತ್ಕೊಂಡ್ರು. ಕೊಡೋ ಹಾಗಿಲ್ಲ, ವಾಪಸ್ ಒಯ್ಯೋ ಹಾಗೂ ಇಲ್ಲ. ನನ್ನ ಹೆಂಡತಿ ಸಂಭಾವಿತೆ. ಮುಂದೆ ಬಂದು, "ಅವನ ಪರವಾಗಿ ನಾನು ತಗೊಳ್ತೀನಿ," ಅಂತ ಬಿಡಿಸ್ಕೊಂಡ್ಲು.

ಸಾಹೇಬ್ರು ಕಾಫಿಗೆ ಕಾಯ್ತಾ ಕೂತ್ರು. ಎದುರಿಗೆ ದೊಡ್ಡ ಕನ್ನಡಿ. ಕೂದಲು ಒಂದು ಸಲ ಸವರ್ಕೊಂಡ್ರು. ಮೀಸೆ ನೋಡ್ಕೊಂಡ್ರು. ಕತ್ತು ಹೀಗೆ ತಿರುಗಿಸಿದ್ರು, ಹಾಗೆ ತಿರುಗಿಸಿದ್ರು. ಪಕ್ಕದಲ್ಲಿ ಕುಟ್ಟನ್ನೂ ಅದೇ ಮಾಡ್ತಿದ್ದ. ನಾನು ಅಷ್ಟು ವರ್ಷ ಯಾರ ಕೈಕೆಳಗೆ ಕೆಲಸ ಮಾಡಿದ್ದೆ ಅಂತ ನನಗೆ ಅವತ್ತು ಸ್ಪಷ್ಟವಾಗಿ ಕಾಣಿಸ್ತು.

ಸಂಜೆಯ ವಾಕಿಂಗು

ಪಟ್ಟಿ ಬಿಚ್ಚಿದ್ರು. ಸ್ನಾನದ ಮನೆ ಟಬ್ಬಿನಲ್ಲಿ ತೇಲಿಸೋದು ಮುಗೀತು. ಆ ಟಬ್ಬಿನ ಕಥೆ ನಾನು ಹೇಳಲ್ಲ. ಬಾತುಕೋಳಿ ಒಂದು ಕಡೆಯಿಂದ ತಿಂದು ಇನ್ನೊಂದು ಕಡೆಯಿಂದ ಏನು ಮಾಡುತ್ತೆ ಅನ್ನೋದು ಗೊತ್ತಿಲ್ಲದೋರು ಸುಖವಾಗಿರ್ಲಿ. ಈಗ ನಡೆಸ್ಬೇಕು ಅಂದ್ರು ಡಾಕ್ಟರಮ್ಮ. ದಿನಾ ಸಂಜೆ ನಾನು ಮುಂದೆ, ಕುಟ್ಟನ್ ನನ್ನ ಹಿಂದೆ. ಬೀದಿಯ ಈ ತುದಿಯಿಂದ ಆ ತುದಿಗೆ. ನಾನು ನಿಂತ್ರೆ ನಿಲ್ತಾನೆ, ನಾನು ತಿರುಗಿದ್ರೆ ತಿರುಗ್ತಾನೆ. ನನ್ನ ಸರ್ವಿಸಿನಲ್ಲಿ ಒಬ್ಬ ಗುಮಾಸ್ತನೂ ನನ್ನನ್ನ ಹೀಗೆ ಹಿಂಬಾಲಿಸಿರ್ಲಿಲ್ಲ.

ಬೀದಿಯವರೆಲ್ಲ ಹೊರಗೆ ಬಂದು ನಿಲ್ಲೋಕೆ ಶುರು ಮಾಡಿದ್ರು. ನಾನು ಕೈ ಬೀಸ್ತಿದ್ದೆ. ಮೇಲ್ಮನೆ ಚೇಚಿ ಬಾಲ್ಕನಿಯಿಂದ ವಿಡಿಯೋ ತೆಗೆದು, "ಸಾರೇ, ನಿಮ್ಮಿಬ್ಬರದು ಎಂಥಾ ಹೊಂದಾಣಿಕೆ. ಇನ್ಮೇಲೆ ನಮಗೆ ಸೀರಿಯಲ್ ಬೇಡ," ಅಂದ್ಲು. ನಾನು ವಿನಯದಿಂದ ಕೈ ಮುಗಿದೆ. ನನ್ನ ಹೆಂಡತಿ ಜಗಲಿ ಕಂಬ ಹಿಡ್ಕೊಂಡು ನಗ್ತಿದ್ಲು. ಯಾಕೆ ಅಂತ ಕೇಳಿದ್ರೆ ಇನ್ನೂ ಜೋರಾಗಿ ನಕ್ಲು.

ನನಗೆ ನಗು ಬರ್ತಿರ್ಲಿಲ್ಲ. ಕುಟ್ಟನ್ ಕುಂಟ್ತಿದ್ದ. ಎಡಕ್ಕೆ ಒಂದು ತೂಗು, ಆಮೇಲೆ ಆ ಕಾಲು ಎಳ್ಕೊಂಡು ಮುಂದಕ್ಕೆ. ದಿನಾ ನಡೆಸಿದಷ್ಟೂ ಕುಂಟು ಚೆನ್ನಾಗಿ ಬರ್ತಿತ್ತು. ಡಾಕ್ಟರಮ್ಮ ಮತ್ತೆ ಎಕ್ಸ್‌ರೇ ತೆಗೆದ್ರು, ಬೆಳಕಿಗೆ ಹಿಡಿದು ನೋಡಿದ್ರು. "ಮೂಳೆ ಚೆನ್ನಾಗಿ ಕೂಡಿದೆ. ಹೊಸದರ ಹಾಗಿದೆ. ಕುಂಟೋಕೆ ಕಾರಣಾನೇ ಇಲ್ಲ."

ಮೊಮ್ಮಗಳು ಫೋನ್ ಮಾಡ್ತಿದ್ಲು. ಅವನು ನಡೀತಿದಾನಾ ಅಂತ. ನಾನು, "ನಡೆಯೋದಾ? ಕಥಕಳಿ ಮಾಡ್ತಿದಾನೆ," ಅಂತಿದ್ದೆ. ಅವಳು ಆ ಕಡೆ ನಗ್ತಿದ್ಲು. ಫೋನಿಟ್ಟ ಮೇಲೆ ನಾನು ಹೋಗಿ ಕುಟ್ಟನ್ ಎದುರಿಗೆ ಕೂತು ಬುದ್ಧಿ ಹೇಳ್ತಿದ್ದೆ. "ನೋಡಪ್ಪ, ಆ ಹೋಟೆಲಿನೋನು ಕಾಲು ಕುಂಟಾ ನೆಟ್ಟಗಾ ಅಂತ ನೋಡಲ್ಲ, ದಪ್ಪ ನೋಡ್ತಾನೆ. ನಿನ್ನನ್ನ ದಪ್ಪ ಮಾಡಿರೋದು ನಾನೇ." ಕುಟ್ಟನ್ ಕನ್ನಡಿ ನೋಡ್ತಿದ್ದ.

"ಇಷ್ಟು ತಲೆ ಕೆಡಿಸ್ಕೋಬೇಡಿ," ಅಂದ್ಲು ಹೆಂಡತಿ. "ಅವನು ಗುಣವಾಗೋದು ನಿಮ್ಮ ಕೈಲೇ ಇದೆ."

ಮದುವೆಯಾದಾಗಿನಿಂದ ಅವಳು ನನ್ನ ಕೈಗುಣ ಹೊಗಳಿದ್ದು ಅದೇ ಮೊದಲು. ನಾನು ಉಬ್ಬಿ ವಾಕಿಂಗ್ ಇನ್ನೊಂದು ಬೀದಿಗೆ ಹೆಚ್ಚಿಸಿದೆ.

ಸಮಿತಿ ಕೂತಿತು

ಓಣಂ ಬಂತು. ತಿರುವನಂತಪುರಕ್ಕೆ ಹೋದ್ವಿ. ಮಗಳ ಮನೆ ಅಂಗಳದಲ್ಲಿ ಒಂದು ಕಡೆ ಮೊಮ್ಮಗಳು ಹಾಕಿದ ಹೂವಿನ ರಂಗೋಲಿ, ಇನ್ನೊಂದು ಕಡೆ ಅಳಿಯ ಹಾಕಿದ ಸೀಮೆಸುಣ್ಣದ ಗೆರೆ. ಗೇಟಿನಿಂದ ಹಲಸಿನ ಮರದವರೆಗೆ. ಜಗಲೀಲಿ ಕುರ್ಚಿ ಹಾಕ್ಕೊಂಡು ಅಳಿಯ, ಕನ್ನಡಕದವರು, ಮೀಸೆಯವರು. ಸ್ವಲ್ಪ ದೂರದಲ್ಲಿ ಒಬ್ಬ ಆರೋಗ್ಯವಂತ ಮನುಷ್ಯ, ಕೈಯಲ್ಲಿ ಖಾಲಿ ಬುಟ್ಟಿ.

"ಇವರು?" ಅಂದೆ.

"ವಿಳಿಂಜಂ ಫ್ರೆಂಡು," ಅಂದ ಅಳಿಯ. "ಸುಮ್ನೆ ಹಬ್ಬಕ್ಕೆ ವಿಶ್ ಮಾಡೋಕೆ ಬಂದಿದಾನೆ."

ಆ ಮನುಷ್ಯ ನನಗೆ ವಿಶ್ ಮಾಡಿದ. ಕಣ್ಣು ಕುಟ್ಟನ್‌ನ ತೊಡೆ ಮೇಲಿತ್ತು.

ನಾನು ಗೆರೆ ಮೇಲೆ ಹೊರಟೆ. ಕುಟ್ಟನ್ ನನ್ನ ಹಿಂದೆ. ಹಲಸಿನ ಮರ ಮುಟ್ಟಿ ತಿರುಗಿ ನೋಡಿದ್ರೆ ಜಗಲೀಲಿ ಎಲ್ಲರ ಮುಖ ಬಾಡಿದೆ. ಮೊಮ್ಮಗಳು ಅಳ್ಲಿಲ್ಲ. ಸೀಮೆಸುಣ್ಣದ ಗೆರೆಯನ್ನ ಕಾಲಿಂದ ಉಜ್ಜಿ ಉಜ್ಜಿ ಅಳಿಸ್ತಾ ನಿಂತಿದ್ಲು.

"ಪ್ರಯಾಣದ ಆಯಾಸ," ಅಂದೆ. "ಇನ್ನೊಂದು ಸಲ."

ಇನ್ನೊಂದು ಸಲಾನೂ ಅದೇ. ಮತ್ತೊಂದು ಸಲಾನೂ ಅದೇ. ಕನ್ನಡಕದವರು ತಲೆ ಆಡಿಸಿದ್ರು. "ಪ್ರತಿ ಹೆಜ್ಜೆಗೂ ಎಡಕ್ಕೆ ವಾಲ್ತಿದೆ." ಮೀಸೆಯವರು, "ಪ್ರತಿ ಸಲಾನೂ ಒಂದೇ ಥರ," ಅಂದ್ರು. ಫ್ರೆಂಡು ಬುಟ್ಟಿಯೊಳಗಿನ ಹುಲ್ಲು ಸರಿಮಾಡ್ಕೊಂಡ.

ಆಗ ನನ್ನ ಹೆಂಡತಿ ಸೌಟು ಹಿಡ್ಕೊಂಡು ಅಡುಗೆಮನೆಯಿಂದ ಬಂದ್ಲು. "ರೀ, ಪಾಯಸ ತಳ ಹಿಡಿಯುತ್ತೆ. ಹೋಗಿ ಸ್ವಲ್ಪ ತಿರುವಿ."

"ಇಂಥಾ ಹೊತ್ತಲ್ಲಿ ಪಾಯಸಾನಾ?"

"ಇಂಥಾ ಹೊತ್ತಲ್ಲೇ."

ಹೋದೆ. ಸೌಟು ತಿರುವ್ತಾ ಕಿಟಕೀಲಿ ನೋಡಿದೆ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆ ಮೇಲೆ ನಿಂತ್ಲು. "ಬಾರೋ ಕುಟ್ಟಾ" ಅಂದ್ಲು. ಹಿಂತಿರುಗಿ ನೋಡದೆ ಹೊರಟ್ಲು. ಕುಟ್ಟನ್ ಅವಳ ಹಿಂದೆ ಹೊರಟ. ಸ್ಕೇಲ್ ಇಟ್ಟ ಹಾಗೆ ನೆಟ್ಟಗೆ. ತೂಗಿಲ್ಲ, ಎಳೆತ ಇಲ್ಲ, ಗಣರಾಜ್ಯೋತ್ಸವದ ಸಿಪಾಯಿ ಥರ. ಆಮೇಲೆ ಮೊಮ್ಮಗಳು ಓಡಿದ್ಲು, ಇವನೂ ಅವಳ ಹಿಂದೆ ಓಡಿದ. ಆಮೇಲೆ ಅಳಿಯ ಇಳಿದು ಬಂದ. ಅವನನ್ನ ನೋಡಿದ್ದೇ ಕುಟ್ಟನ್ ಹಲಸಿನ ಮರ ಸುತ್ತಿ ಬಾವಿಕಟ್ಟೆ ಹಿಂದೆ ಸೇರ್ಕೊಂಡ, ಅದೂ ಒಂದಿಷ್ಟೂ ಕುಂಟದೆ.

ಸಮಿತಿಯೋರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. "ಸಾರನ್ನ ಇನ್ನೊಂದು ಸಲ ಕರೀರಿ," ಅಂದ್ರು ಕನ್ನಡಕದವರು.

ನಾನು ಸೌಟು ಹಿಡ್ಕೊಂಡೇ ಬಂದು ನಡೆದೆ. ಹಿಂದೆ ಕುಟ್ಟನ್. ಎಡಕ್ಕೆ ಒಂದು ತೂಗು, ಆ ಕಾಲು ಎಳ್ಕೊಂಡು ಮುಂದಕ್ಕೆ.

ಕನ್ನಡಕದವರು ಎದ್ದು ನಿಂತ್ರು. "ವಾಹನ ಸರಿಯಾಗಿದೆ," ಅಂದ್ರು. "ದೋಷ ಇರೋದು ಗೈಡೆನ್ಸ್ ಸಿಸ್ಟಮಿನಲ್ಲಿ."

ಎಲ್ಲರೂ ನನ್ನ ಮಂಡಿ ನೋಡಿದ್ರು. ವಿಳಿಂಜಂ ಫ್ರೆಂಡು ಕೂಡ ನೋಡಿದ, ಆದ್ರೆ ಅದು ಅವನ ಉಪಯೋಗಕ್ಕೆ ಬರೋ ಮಂಡಿ ಅಲ್ಲ ಅಂತ ಮುಖ ತಿರುಗಿಸಿದ. ಹೋಗೋವಾಗ ಅವನ ಬುಟ್ಟೀಲಿ ನನ್ನ ಹೆಂಡತಿ ಒಂದು ಡಬ್ಬಿ ಪಾಯಸ ಇಟ್ಟು ಕಳಿಸಿದ್ಲು.

"ನಿನಗೆ ಮೊದ್ಲೇ ಗೊತ್ತಿತ್ತಾ?" ಅಂತ ಕೇಳಿದೆ.

"ಇಡೀ ಬೀದಿಗೆ ಗೊತ್ತಿತ್ತು," ಅಂದ್ಲು.

ತೀರ್ಪಾಯ್ತು. ಕುಟ್ಟನ್ ಮೊಮ್ಮಗಳ ಹತ್ರಾನೇ ಇರ್ತಾನೆ. ನಾನು ಗೆದ್ದವನ ಹಾಗೆ ಮೊಮ್ಮಗಳ ಕಡೆ ತಿರುಗಿದೆ, ಬಂದು ತಬ್ಕೊಳ್ತಾಳೆ ಅಂತ. ಅವಳು ಕುಟ್ಟನ್‌ನ ಎತ್ಕೊಂಡು ನನ್ನಿಂದ ದೂರ ನಿಂತ್ಲು. ಹುಟ್ಟಿದಾಗಿನಿಂದ ನಾನು ಕಾಯ್ತಿದ್ದ ಪೂರ್ತಿ ಕನ್ನಡ ವಾಕ್ಯ ಆ ಮಗುವಿನ ಬಾಯಿಂದ ಅವತ್ತು ಬಂತು, ವ್ಯಾಕರಣ ಒಂದೂ ತಪ್ಪಿಲ್ಲದೆ.

"ತಾತಾ, ಕಾಲು ಸರಿ ಮಾಡಿಸ್ಕೊಳ್ಳೋ ತನಕ ನೀವು ನಮ್ಮನೆಗೆ ಬರಬೇಡಿ, ಇವನು ಮತ್ತೆ ಕಲಿತುಬಿಡ್ತಾನೆ."

ಇಷ್ಟು ವರ್ಷ ಹೆಂಡತಿಗೆ, ಮಗಳಿಗೆ, ಮೂರು ಡಾಕ್ಟರುಗಳಿಗೆ ಬಗ್ಗದೋನು ಮುಂದಿನ ವಾರವೇ ಕೊಚ್ಚಿಯ ಒಂದು ಮೂಳೆ ಆಸ್ಪತ್ರೆಯಲ್ಲಿ ಕ್ಯೂ ನಿಂತೆ. ಕೌಂಟರಿನ ಹುಡುಗಿ ತಲೆ ತಗ್ಗಿಸಿ ಟೈಪ್ ಮಾಡ್ತಿದ್ಲು. ಹೆಸರು ಕೇಳಿದ್ಲು, ವಯಸ್ಸು ಕೇಳಿದ್ಲು. ನಾನು ವಯಸ್ಸು ಸ್ವಲ್ಪ ಕಮ್ಮಿ ಹೇಳಿದೆ, ಹೆಂಡತಿ ತಿದ್ದಿದ್ಲು. ಕೂತ್ಕೊಳ್ಳಿ ಅಂದ್ಲು ಹುಡುಗಿ. ನಾನು ಕುರ್ಚಿ ಕಡೆ ಹೊರಟೆ.

"ನಿಮ್ಮನ್ನ ಇಲ್ಲಿಗೆ ಕಳಿಸಿದ್ದು ಯಾರು?" ಅಂತ ಹಿಂದೆ ಕೇಳಿಸ್ತು.

ನನ್ನನ್ನ ಕೇಳಿದ್ರೆ ಯಾವುದಾದ್ರೂ ದೊಡ್ಡ ಡಾಕ್ಟರ ಹೆಸರು ಹೇಳಿರ್ತಿದ್ದೆ. ನನ್ನ ಹೆಂಡತಿಗೆ ಸುಳ್ಳು ಹೇಳೋಕೆ ಬರಲ್ಲ, ನಮ್ಮನೇಲಿ ಆ ಖಾತೆ ಪೂರ್ತಿ ನನ್ನದೇ.

"ಒಂದು ಬಾತುಕೋಳಿ," ಅಂದ್ಲು.

ಹುಡುಗಿ ಟೈಪ್ ಮಾಡೋದು ನಿಲ್ಲಿಸಿ ತಲೆ ಎತ್ತಿದ್ಲು. ಕುರ್ಚಿ ಕಡೆ ಹೋಗ್ತಿದ್ದ ನನ್ನನ್ನ ಒಂದು ಸಲ ಕಾಲಿಂದ ತಲೆವರೆಗೆ ನೋಡಿದ್ಲು. ಮುಖದಲ್ಲಿ ಒಂದು ಗೆರೆನೂ ಅಲುಗಾಡ್ಲಿಲ್ಲ.

"ಹೌದು, ಹೋಲಿಕೆ ಇದೆ," ಅಂದ್ಲು. "ತಂದೆ ಕಡೆಯವರಾ, ತಾಯಿ ಕಡೆಯವರಾ?"